ಹಳೇ ಮನಿ ತೊಗೊಳ್ಳೂ ಮುಂದ ಬಾಜೂಮನಿ ಬಾಗಿಲಾ ಬಡೀರಿ

ಮೊನ್ನೆ ಶುಕ್ರವಾರ ಒಗ್ಗರಣಿಗೆ ಎಣ್ಣಿ ಇಟ್ಟಿದ್ದೆ, ಫೋನ್ ಬಂತು. ನಮ್ಮ ನಾದಿನಿ ಮಗಳು. "ಮಾಮಿ, ಹುಬ್ಬಳ್ಳ್ಯಾಗ ಒಂದು ಹಳೇ ಮನಿ ನೋಡೀವಿ. ಭಾಳ ಚಲೋ ಅದ. ಹಿತ್ತಲದಾಗ ಭಾಂವಿ ಅದ, ಎರಡು ತೆಂಗಿನ ಗಿಡ ಅವ. ನಾಳೆ ಸಂಚಕಾರ ಕೊಡಬೇಕಂತ ಮಾಡೀವಿ" ಅಂದ್ಲು. ನಾ ಗ್ಯಾಸ್ ಆರಿಸಿ ಕೂತೆ. "ಬಾಜೂಮನಿಯವರನ್ನ ಕೇಳೀರೇನು?" ಅಂದೆ. "ಅವರನ್ನೇನು ಕೇಳೋದು ಮಾಮಿ? ಇ.ಸಿ. ತಗಸೀವಿ, ಉತಾರ ನೋಡೀವಿ, ವಕೀಲರಿಗೆ ತೋರಿಸೀವಿ" ಅಂದ್ಲು.

1999ರಾಗ ನಾನೂ ಬರೋಬ್ಬರಿ ಹಿಂಗ ಅಂದಿದ್ದೆ. ಅದಕ್ಕ ಈ ಸಲ ಆ ಕಥಿ ಬರೀತೀನಿ. ನಮ್ಮ ಮನಿ ಕಥಿ ಹೇಳ್ಬೇಕಾದ್ರ ಅದರ ಕೂಡ ಒಂಬೈನೂರು ವರ್ಷದ ಕಥೀನೂ ಹೇಳಬೇಕಾಗ್ತದ. ಬ್ಯಾಸರಾ ಮಾಡ್ಕೋಬ್ಯಾಡ್ರಿ, ಚಾ ಇಟ್ಕೊಂಡು ಓದ್ರಿ.

ಆಗ ನಾವು ಧಾರವಾಡದಾಗ ಬಾಡಿಗಿ ಮನ್ಯಾಗಿದ್ವಿ. ಊರ ಹಳೇ ಭಾಗದಾಗ ಒಂದು ಹಂಚಿನ ಮನಿ ಮಾರಾಟಕ್ಕ ಬಂದಿತ್ತು. ಮಣ್ಣಿನ ಗ್ವಾಡಿ, ಸಾಗವಾನಿ ತೊಲಿ, ಪಡಸಾಲಿ, ನಡುಮನಿ, ಹಿಂದ ಭಾಂವಿ. ಮಾರೋರು ಇಬ್ಬರು ಅಣ್ಣತಮ್ಮಂದಿರು. ಅವರ ಅಪ್ಪ 1961ರಾಗ ತನ್ನ ದುಡಿಮಿ ರೊಕ್ಕದಿಂದ ಖರೇದಿ ಮಾಡಿದ ಮನಿ ಅದು. ಅವರು 1991ರಾಗ ತೀರಿಕೊಂಡಿದ್ರು, ಮೃತ್ಯುಪತ್ರ ಬರದಿರಲಿಲ್ಲ. ಅವರ ಹೆಂಡತಿ ಅವರಿಗಿಂತಾ ಮೊದ್ಲ ಹೋಗಿದ್ರು. ಸಿಟಿ ಸರ್ವೇ ಉತಾರದಾಗ ವಾರಸಾ ಆಗಿ ಇಬ್ಬರ ಹೆಸರೂ ಬಂದಿತ್ತು. ಇ.ಸಿ. ತಗಸಿದ್ವಿ, ಸಾಲ ಇಲ್ಲ, ಏನಿಲ್ಲ. ನನ್ನ ನಾಕು ಬಿಲ್ವಾರ, ಎರಡು ಪಾಟ್ಲಿ ಮಾರಿ 30,000 ರೂಪಾಯಿ ಸಂಚಕಾರ ಕೊಟ್ವಿ. ಪಾಟ್ಲಿ ನಮ್ಮವ್ವ ಮದವ್ಯಾಗ ಹಾಕಿದ್ದು.

ಎಂಟು ದಿನ ಬಿಟ್ಟು ಮನಿ ಅಳತಿ ನೋಡ್ಲಿಕ್ಕೆ ಹೋದ್ವಿ. ಬಿಸಲಾಗಿತ್ತು, ಬಾಜೂಮನ್ಯಾಗ ನೀರು ಕೇಳಿದೆ. ಅಲ್ಲಿದ್ದ ಅಜ್ಜಿ ತಂಬಿಗಿ ಕೊಟ್ಟು, "ನೀವೇನು ತಂಗಿ ಮನಿ ತೊಗೊಳ್ಳೋರು? ಅವರ ಅಕ್ಕ ಒಪ್ಪಿದ್ಲೇನು ಮಾರ್ಲಿಕ್ಕೆ?" ಅಂದ್ರು.

ಯಾವ ಅಕ್ಕ?

ಗದಗಿನ ಕಡೆ ಒಂದು ಹಳ್ಳಿಗೆ ಕೊಟ್ಟ ಹಿರೇ ಮಗಳು ಒಬ್ಬಾಕಿ ಇದ್ದಾಳ ಅಂತ ಆವತ್ತು ಗೊತ್ತಾತು. ಅಪ್ಪ ಇರೂತನಕಾ ಪ್ರತಿ ವರ್ಷ ಪಂಚಮಿಗೆ ಬರ್ತಿದ್ಲಂತ. ಅವರು ಹೋದ ಮ್ಯಾಲೆ ಕರಿಯೋದು ನಿಂತು ಹೋಗಿತ್ತು. ಆ ಓಣಿಗೆಲ್ಲಾ ಗೊತ್ತಿದ್ದ ಮಾತು ನಮ್ಮ ಯಾವ ಕಾಗದದಾಗೂ ಇರಲಿಲ್ಲ.

ವಕೀಲರ ಹತ್ರ ಓಡಿದ್ವಿ. ವಯಸ್ಸಾದವರು, ಇತಿಹಾಸದ ಹುಚ್ಚು ಭಾಳ. "ನೋಡವಾ, ಇ.ಸಿ.ಯೊಳಗ ನೋಂದಣಿ ಆದ ಕಾಗದ ಮಾತ್ರ ಬರ್ತಾವ. ಹುಟ್ಟಿದ ಮಕ್ಕಳು ಇ.ಸಿ.ಯೊಳಗ ಬರೂದಿಲ್ಲ" ಅಂದ್ರು. "1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಪ್ರಕಾರ, ಮೃತ್ಯುಪತ್ರ ಬರೀದ ಹೋದ ಅಪ್ಪನ ಸ್ವಂತ ದುಡಿಮಿ ಆಸ್ತಿಯೊಳಗ ಮಗಳಿಗೂ ಮಗನಷ್ಟ ಪಾಲು. ಈ ಮನಿಯೊಳಗ ಮೂರರಾಗ ಒಂದು ಪಾಲು ಆಕಿದು. ಇಬ್ಬರೇ ಬರದು ಕೊಟ್ರ ಅವರ ಎರಡು ಪಾಲು ಅಷ್ಟ ನಿಮಗ ಬಂದಂಗ." ನನಗ ಎದಿ ಧಸಕ್ ಅಂತು.

ಆ ವ್ಯವಹಾರ ನಾಕು ತಿಂಗಳ ಎಳೀತು. ಆ ನಾಕು ತಿಂಗಳು ವಕೀಲರ ಕಟ್ಟಿ ಮ್ಯಾಲೆ ಕೂತು ಕೇಳಿದ್ದು, ಆಮ್ಯಾಲೆ ನಾ ಓದಿ ತಿಳಕೊಂಡದ್ದು ಈಗ ಹೇಳ್ತೀನಿ.

ಮನಿ ಭೂಮಿ ಕೊಳ್ಳೋರ ಭಯ ಇವತ್ತಿಂದಲ್ಲ. ನಮ್ಮ ಬೀದರ ಜಿಲ್ಲಾದ ಬಸವಕಲ್ಯಾಣ ಅದಲ್ಲ, ಅದು ಚಾಲುಕ್ಯರ ರಾಜಧಾನಿ. ಅಲ್ಲಿ 1076ರಿಂದ 1126ರ ತನಕ ಆಳಿದ ಆರನೇ ವಿಕ್ರಮಾದಿತ್ಯನ ಆಸ್ಥಾನದಾಗ ವಿಜ್ಞಾನೇಶ್ವರ ಅಂತ ಪಂಡಿತರಿದ್ರು. ಯಾಜ್ಞವಲ್ಕ್ಯ ಸ್ಮೃತಿಗೆ ಅವರು ಬರದ ವ್ಯಾಖ್ಯಾನನ ಮಿತಾಕ್ಷರ. ಬಂಗಾಲ ಕಡೆ ಬಿಟ್ರ ಮುಂದ ದೇಶದ ಭಾಳಷ್ಟು ಕಡೆ ಹಿಂದೂ ಕುಟುಂಬದ ಆಸ್ತಿ ಪಾಲಿಗೆ ಅದ ಆಧಾರ ಆತು. ಇಂಗ್ಲೀಷರ ಕೋರ್ಟಿನಾಗೂ ಅದನ್ನ ತಗದು ನೋಡಿ ತೀರ್ಪು ಕೊಡ್ತಿದ್ರು.

ಆ ಗ್ರಂಥದಾಗ ಒಂದು ಹಳೇ ಮಾತನ್ನ ಎತ್ತಿಕೊಂಡು ವಿಜ್ಞಾನೇಶ್ವರರು ವಿವರಸ್ತಾರ. ಭೂಮಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗೂದು ಆರರಿಂದ: ಊರವರ ಒಪ್ಪಿಗಿ, ಬಳಗದವರ ಒಪ್ಪಿಗಿ, ಸುತ್ತಲಿನ ನೆರೆಯವರ ಒಪ್ಪಿಗಿ, ಪಾಲಿನವರ ಒಪ್ಪಿಗಿ, ಬಂಗಾರ, ನೀರು. ಬಂಗಾರ, ನೀರು ಯಾಕಂದ್ರ, ಭೂಮಿ ಮಾರೋದು ಚಲೋ ಅಲ್ಲ ಅಂತ ತಿಳಕೊಂಡಿದ್ದ ಕಾಲ ಅದು, ಮಾರಿದ್ರೂ ದಾನ ಕೊಟ್ಟಂಗ ಧಾರಿ ಎರದು ಕೊಡ್ತಿದ್ರು.

ಉಳದ ನಾಕರ ವಿವರಣಿ ಕೇಳ್ರಿ, ಎಷ್ಟು ವ್ಯವಹಾರದ ಮಾತು ಅದ. ಊರವರು ಒಪ್ಪದಿದ್ರ ವ್ಯವಹಾರನ ಬಿದ್ದು ಹೋಗ್ತದ ಅಂತಲ್ಲ. ನಾಕು ಮಂದಿಗೆ ಗೊತ್ತಾಗ್ಲಿ ಅಂತ ಊರವರು ಬೇಕು. ನಾಳೆ ಗಡಿ ಜಗಳ ಬರಬಾರದಂತ ನೆರೆಯವರು ಬೇಕು. ಬ್ಯಾರೆ ಆದವರೋ ಕೂಡಿದ್ದವರೋ ಅಂತ ಮುಂದ ಸಂಶಯ ಬರಬಾರದಂತ ಬಳಗದವರು ಬೇಕು. ಕೂಡಿದ ಮನಿ ಆಸ್ತಿ ಎಲ್ಲಾರದೂ ಆಗಿರತದ, ಅದಕ್ಕ ಪಾಲಿನವರು ಬೇಕು. ನನಗ ನೀರು ಕೊಟ್ಟ ಅಜ್ಜಿ ಕೇಳಿದ್ದೂ ಇದನ್ನ. ಆಕಿ ಮಿತಾಕ್ಷರ ಓದಿರಲಿಲ್ಲ ಅಷ್ಟ.

ಆದ್ರ ಒಂದು ಮಾತು ಬಿಟ್ಟು ಮುಂದ ಹೋಗೂ ಹಂಗಿಲ್ಲ. ಆ ಕಾಲದಾಗ ಪಾಲಿನವರು ಅಂದ್ರ ಗಂಡುಮಕ್ಕಳು. ಸ್ತ್ರೀಧನದ ವಿಷಯಕ್ಕ ವಿಜ್ಞಾನೇಶ್ವರರು ಉಳದವರಿಗಿಂತಾ ಉದಾರ ಇದ್ರು. ಹೆಣ್ಣುಮಗಳಿಗೆ ವಾರಸಾದಿಂದ ಬಂದದ್ದು, ಆಕಿ ಖರೇದಿ ಮಾಡಿದ್ದು ಎಲ್ಲಾ ಸ್ತ್ರೀಧನನ ಅಂದ್ರು. ಆದ್ರ ಹಿರಿಯರ ಮನಿಯೊಳಗ ಹುಟ್ಟಿನಿಂದ ಬರೋ ಹಕ್ಕು ಮಗಳಿಗಿರಲಿಲ್ಲ.

ನಮ್ಮ ಕಡೆ ಗುಡಿಗಳ ಮುಂದ ನಿಂತ ಕಲ್ಲಿನ ಶಾಸನ ನೋಡೀರಲ್ಲ? ಹೆಚ್ಚಿನವು ದತ್ತಿ ಶಾಸನ. ಕೊಟ್ಟ ಭೂಮಿಗೆ ಮೂಡಲಕ್ಕ ಏನು, ಪಡುವಲಕ್ಕ ಏನು, ಯಾವ ಗಿಡ, ಯಾವ ಹಳ್ಳ, ಯಾವ ಬಂಡಿಗಲ್ಲು ಅಂತ ಗಡಿ ಕೊರದಿರ್ತಾರ. ಕಡೀಕ ಇದನ್ನ ಕೆಡಿಸಿದವರಿಗೆ ಕಾಶಿಯೊಳಗ ಆಕಳಾ ಕೊಂದ ಪಾಪ ಬರಲಿ ಅಂತ ಶಾಪ. ಇವತ್ತಿನ ಖರೇದಿ ಪತ್ರದಾಗ ಶಾಪ ಇಲ್ಲ, ಆದ್ರ ಚಕ್ಕುಬಂದಿ ಹಂಗ ಉಳದದ. ಪೂರ್ವಕ್ಕ ಯಾರು, ಪಶ್ಚಿಮಕ್ಕ ಯಾರು ಅಂತ ಬರದಿರೋದನ್ನ ಕೈಯಾಗ ಹಿಡಕೊಂಡು ನಾಕೂ ದಿಕ್ಕಿಗೆ ಒಮ್ಮೆ ನಡದು ನೋಡಬೇಕು. ನಮ್ಮ ಮನಿ ಕಾಗದದಾಗ ಉತ್ತರಕ್ಕ ಓಣಿ ಅಂತಿತ್ತು, ಹೋಗಿ ನೋಡಿದ್ರ ಅಲ್ಲಿ ಒಬ್ಬರ ಬಚ್ಚಲ ಬಂದಿತ್ತು!

1818ರಾಗ ಪೇಶ್ವೆಯವರ ಆಳಿಕಿ ಮುಗದು ನಮ್ಮ ಧಾರವಾಡ ಕಂಪನಿ ಸರಕಾರದ ಕೈಗೆ ಬಂತು. ಮುಂದ 1956ರ ತನಕಾ ನಾವು ಮುಂಬೈಗೆ ಸೇರಿದವರು. ವಕೀಲರ ಕಪಾಟದಾಗ ಮೋಡಿ ಲಿಪಿಯ ಹಳೇ ಕಾಗದ ಇದ್ದು. ಅವನ್ನ ತೋರಿಸಿ ಒಂದು ಮಾತು ಹೇಳಿದ್ರು: "ಬರೀ ಕಾಗದ ಇದ್ದಾಗ ಇವತ್ತು ಒಬ್ಬರಿಗೆ ಮಾರಿ, ಹಿಂದಿನ ತಾರೀಖು ಹಾಕಿ ಇನ್ನೊಬ್ಬರಿಗೆ ಮಾರೋದು ಕಠಿಣ ಇರಲಿಲ್ಲವಾ." ಅದಕ್ಕ ನೋಂದಣಿ ಬಂತು. ಮುಂಬೈ ಸರಕಾರ 1827ರಾಗ ನೋಂದಣಿ ನಿಯಮ ಮಾಡ್ತು. 1864ರ ಕಾಯಿದೆಯಿಂದ ನೂರು ರೂಪಾಯಿ ಮತ್ತು ಅದಕ್ಕೂ ಹೆಚ್ಚಿನ ಸ್ಥಿರಾಸ್ತಿ ಮಾರಾಟಕ್ಕ ನೋಂದಣಿ ಕಡ್ಡಾಯ ಆತು. ಈಗ ನಡಿಯೋದು 1908ರ ನೋಂದಣಿ ಕಾಯಿದೆ. ಅದರಾಗೂ ಅದ ನೂರು ರೂಪಾಯಿನ ಅದ. ಕಚೇರ್ಯಾಗ ಹೆಸರಿನ ಸೂಚಿ ಒಂದು, ಆಸ್ತಿ ಸೂಚಿ ಒಂದು ಇಡ್ತಾರ. ಆ ಸೂಚಿ ತಿರುವಿ ಹಾಕಿ ಕೊಡೋದ ಇ.ಸಿ. ವ್ಯವಹಾರ ಇದ್ರ ನಮೂನೆ 15, ಏನೂ ಇಲ್ಲದಿದ್ರ ನಮೂನೆ 16. ಈಗ 2004ರ ಏಪ್ರಿಲಿನಿಂದ ಈಚಿಂದು ಕಾವೇರಿ ಪೋರ್ಟಲ್ಲಿನಾಗ ಮನ್ಯಾಗ ಕೂತು ತೊಗೋಬಹುದು. ಅದಕ್ಕೂ ಹಿಂದಿಂದು ಬೇಕಂದ್ರ ಕಚೇರಿಗೆ ಹೋಗಬೇಕು. ಹೋಗ್ರಿ. ಹದಿಮೂರು ವರ್ಷದ್ದು ಸಾಕು ಅಂತ ಯಾರರೆ ಅಂದ್ರ ಕೇಳಬ್ಯಾಡ್ರಿ, ಮೂವತ್ತು ವರ್ಷದ್ದು ತಗಸ್ರಿ.

ಇನ್ನ 1882ರ ಆಸ್ತಿ ವರ್ಗಾವಣಿ ಕಾಯಿದೆ. ಅದು ನಮ್ಮ ಮುಂಬೈ ಪ್ರಾಂತಕ್ಕ ಬಂದದ್ದು 1893ರ ಜನವರಿ 1ಕ್ಕ. ಅದರಾಗ ಮಾರೋರಿಗೆ ಒಂದು ಕಟ್ಟು ಹಾಕ್ಯಾರ. ಸಾಮಾನ್ಯ ಎಚ್ಚರಿಕಿಯಿಂದ ನೋಡಿದ್ರೂ ಕೊಳ್ಳೋರಿಗೆ ಕಾಣದಂಥಾ ದೊಡ್ಡ ದೋಷ ಮನಿಯೊಳಗ, ಇಲ್ಲಾ ಹಕ್ಕಿನೊಳಗ ಇದ್ರ, ಗೊತ್ತಿದ್ದ ಮಾರೋರು ಹೇಳಲೇಬೇಕು. ಇದರ ಅರ್ಥ ಏನಂದ್ರ, ಕಾಣೋ ದೋಷ ನೋಡೋದು ನಮ್ಮ ಕೆಲಸ. ಸುಣ್ಣ ಹಚ್ಚಿದ ಗ್ವಾಡಿ ಬ್ಯಾಸಿಗ್ಯಾಗ ಎಲ್ಲಾ ಚಂದನ ಕಾಣಸ್ತದ. ಧಾರವಾಡದ ಮಳಿಗಾಲದಾಗ, ಜುಲೈ ತಿಂಗಳಿನಾಗ ಹೋಗಿ ತೊಲಿ ತುದಿ, ಗ್ವಾಡಿ ಬುಡ ಮುಟ್ಟಿ ನೋಡ್ರಿ. ಅದ ಕಾಯಿದೆ ಇನ್ನೊಂದು ಮಾತು ಹೇಳ್ತದ: ಬರೀ ಕರಾರಿನಿಂದ ಮನಿ ಮ್ಯಾಲೆ ನಿಮಗ ಹಕ್ಕು ಬರೂದಿಲ್ಲ. ನಾವು ನನ್ನ ಪಾಟ್ಲಿ ರೊಕ್ಕನ ಒಂದು ಬಿಳೀ ಹಾಳಿ ಮ್ಯಾಲೆ ಬರಸ್ಕೊಂಡು ಕೈಯಾಗ ನಗದ ಕೊಟ್ಟಿದ್ವಿ. ನೀವು ಹಂಗ ಮಾಡಬ್ಯಾಡ್ರಿ. ಛಾಪಾ ಕಾಗದದ ಮ್ಯಾಲೆ ಕರಾರು, ಸಾಕ್ಷಿ ಸಹಿ, ರೊಕ್ಕ ಬ್ಯಾಂಕಿನಿಂದ.

1929ರಾಗ ಈ ಕಾಯಿದೆಗೆ ತಿದ್ದುಪಡಿ ಬಂತು. ನೋಂದಣಿ ಆದ ಕಾಗದ ಇದ್ರ ಅದು ಕೊಳ್ಳೋರಿಗೆ ಗೊತ್ತಿದ್ದಂಗ ಲೆಕ್ಕ, ನೋಡಲಿಲ್ಲ ಅನ್ನೂ ಹಂಗಿಲ್ಲ. ಮನಿಯೊಳಗ ಯಾರರೆ ವಾಸ ಇದ್ರ ಅವರ ಹಕ್ಕೂ ಕೊಳ್ಳೋರಿಗೆ ಗೊತ್ತಿದ್ದಂಗ ಲೆಕ್ಕ. ಅಂದ್ರ ಅತ್ತಲಾಗಿನ ಖೋಲ್ಯಾಗ ಒಬ್ಬಾಕಿ ವಿಧವಾ ಅತ್ತಿ ಇದ್ದಾಳಂದ್ರ, ಮ್ಯಾಲಿನ ಅಟ್ಟದ ಮನ್ಯಾಗ ಬಾಡಿಗಿಯವರು ಇದ್ದಾರಂದ್ರ, ನೀವು ಹೋಗಿ "ನೀವು ಇಲ್ಲಿ ಯಾವ ಲೆಕ್ಕದಾಗ ಇದ್ದೀರಿ?" ಅಂತ ಕೇಳಬೇಕು. ಕೇಳದ ಕೊಂಡ್ರ ಕೋರ್ಟು ನಿಮ್ಮ ಮಾತು ಕೇಳೂದಿಲ್ಲ. ಇದಕ್ಕೂ ಮೊದ್ಲ, 1856ರಾಗ, ಲಂಡನ್ನಿನ ಪ್ರಿವಿ ಕೌನ್ಸಿಲ್ಲು ಒಂದು ತೀರ್ಪು ಕೊಟ್ಟಿತ್ತು. ಒಬ್ಬಾಕಿ ತಾಯಿ ಸಣ್ಣ ಮಗನ ಆಸ್ತಿ ಅಡಾ ಇಟ್ಟಿದ್ಲು. ಸಾಲ ಕೊಟ್ಟವ ಪ್ರಾಮಾಣಿಕವಾಗಿ ವಿಚಾರಿಸಿ, ಜರೂರಿ ಅದ ಅಂತ ಖಾತ್ರಿ ಮಾಡಿಕೊಂಡಿದ್ರ ಅವನ ಹಕ್ಕು ಉಳೀತದ ಅಂದ್ರು. ಹಳೇ ಖರೇದಿ ಪತ್ರದಾಗ "ಮಗಳ ಮದವಿ ಸಲುವಾಗಿ", "ಸಾಲಾ ತೀರಸೋ ಸಲುವಾಗಿ" ಅಂತ ಕಾರಣ ಬರದಿರ್ತಾರಲ್ಲ, ಅದು ಯಾಕಂತ ನನಗ ಆಗ ತಿಳೀತು.

ನೋಡ್ರಿ, ಕಲ್ಯಾಣದಿಂದ ಲಂಡನ್ನಿನ ತನಕಾ ಎಲ್ಲಾರೂ ಹೇಳಿದ್ದು ಒಂದ ಮಾತು. ಕೇಳಿದವರನ್ನ ಕಾಯಿದೆ ಕಾಯ್ತದ, ಕೇಳದವರನ್ನ ಕಾಯೂದಿಲ್ಲ.

ಕಾಗದದಾಗ ಕಾಣದ್ದು ಇನ್ನೊಂದದ. ಮೂಲ ಕಾಗದ ಸಾಹುಕಾರನ ಕೈಯಾಗ ಇಟ್ಟು ಸಾಲಾ ತೊಗೊಳ್ಳೋದು. ಮೊದ್ಲ ಇದು ಕಲಕತ್ತಾ, ಮದ್ರಾಸ, ಮುಂಬೈಯಂಥಾ ವ್ಯಾಪಾರದ ಊರಿಗೆ ಅಷ್ಟ ಇತ್ತು, ಆಮ್ಯಾಲೆ ಉಳದ ಊರಿಗೂ ಬಂತು. ಬರೀ ಕಾಗದ ಒಪ್ಪಿಸಿದ್ರ ಸಾಕು ಅನ್ನೋ ಅಡಾ ಇದು, ಅದಕ್ಕ ಇ.ಸಿ.ಯೊಳಗ ಕಾಣದನೂ ಇರಬಹುದು. ಒಂದ ಮನಿ ಮ್ಯಾಲೆ ಎರಡು ಮೂರು ಬ್ಯಾಂಕಿನಾಗ ಸಾಲಾ ಎತ್ತೋರು ಹೆಚ್ಚಾದ ಮ್ಯಾಲೆ 2011ರಾಗ ಸರ್ಸಾಯಿ ಅಂತ ಕೇಂದ್ರದ ಒಂದು ನೋಂದಣಿ ವ್ಯವಸ್ಥಾ ಮಾಡಿದ್ರು. ಸ್ವಲ್ಪ ಫೀ ತುಂಬಿ ಯಾರು ಬೇಕಾದ್ರೂ ಅಲ್ಲಿ ಹುಡುಕಬಹುದು. ಅದಕ್ಕೂ ಮೊದ್ಲ, ಮೂಲ ಕಾಗದ ಕಣ್ಣಿಂದ ನೋಡ್ರಿ. ಝೆರಾಕ್ಸ್ ತೋರಿಸಿ "ಮೂಲ ಎಲ್ಲೋ ಅದ" ಅಂದ್ರ ಅಲ್ಲೇ ನಿಲ್ರಿ. ಛಾಪಾ ಕಾಗದಾನೂ ಖೊಟ್ಟಿ ಇರಬಹುದು ಅಂತ ನಮಗ ಕಲಿಸಿದ್ದು ತೆಲಗಿ ಹಗರಣ. ನಮ್ಮ ಬಾಜೂ ಖಾನಾಪುರದ ಮನಷ್ಯಾ. 2001ರಾಗ ಅವ ಸಿಕ್ಕಿಬಿದ್ದ ಮ್ಯಾಲೆ ದೇಶಕ್ಕ ದೇಶನ ಬೆಚ್ಚಿತ್ತು.

ಈಗ ಹೆಣ್ಣುಮಕ್ಕಳ ಮಾತಿಗೆ ಬರ್ತೀನಿ. 1937ರ ಕಾಯಿದೆ ಗಂಡ ಸತ್ತಾಕಿಗೆ ಗಂಡನ ಆಸ್ತಿಯೊಳಗ ಹಕ್ಕು ಕೊಡ್ತು, ಆದ್ರ ಆಕಿ ಇರೂತನಕಾ ಅಷ್ಟ. ಪೂರ್ಣ ಹಕ್ಕು ಬಂದದ್ದು 1956ರಾಗ. ಆಗ ಮಗಳಿಗೂ ಪಾಲು ಬಂತು, ಆದ್ರ ಅಣ್ಣತಮ್ಮಂದಿರು ವಾಸ ಇರೋ ಮನಿಯೊಳಗ ಅವರು ತಾವಾಗಿ ಪಾಲು ಮಾಡ್ಕೊಳ್ಳೂತನಕಾ ಆಕಿ ಪಾಲು ಕೇಳೂ ಹಂಗಿರಲಿಲ್ಲ. ಹಿರಿಯರ ಆಸ್ತಿಯೊಳಗ ಹುಟ್ಟಿನ ಹಕ್ಕು ನಮ್ಮ ಕರ್ನಾಟಕದಾಗ 1994ರ ಜುಲೈ 30ಕ್ಕ ಬಂತು, ಅದೂ ಆವತ್ತಿಗೆ ಮದವಿ ಆಗದ ಮಗಳಿಗೆ. 2005ರ ಸೆಪ್ಟೆಂಬರ್ 9ಕ್ಕ ಇಡೀ ದೇಶಕ್ಕ, ಮದವಿ ಆದವರಿಗೂ ಬಂತು, ವಾಸದ ಮನಿ ಅಡ್ಡಿನೂ ತಗದು ಹಾಕಿದ್ರು. 2020ರ ಆಗಸ್ಟ್ 11ಕ್ಕ ಸುಪ್ರೀಂ ಕೋರ್ಟು, 2005ರಾಗ ಅಪ್ಪ ಬದುಕಿರಲಿ ಬಿಡಲಿ, ಮಗಳಿಗೆ ಹುಟ್ಟಿನಿಂದನ ಹಕ್ಕು ಅಂತ ಹೇಳ್ತು. 2004ರ ಡಿಸೆಂಬರ್ 20ರ ಹಿಂದ ಕಾಯಿದೆ ಪ್ರಕಾರ ಆದ ಪಾಲು, ಮಾರಾಟ ಮಾತ್ರ ಹಂಗ ಉಳೀತಾವ. ವಿಜ್ಞಾನೇಶ್ವರರ ಪಾಲಿನವರ ಸಾಲಿನಾಗ ನಾವು ಬಂದು ನಿಲ್ಲಲಿಕ್ಕೆ ಒಂಬೈನೂರು ವರ್ಷ ಹಿಡೀತು.

ನಮ್ಮ ವ್ಯವಹಾರ ಎಲ್ಲಿಗೆ ಬಂತು ಅಂದ್ರ, ಆ ಅಣ್ಣತಮ್ಮಂದಿರು "ಅದಕ್ಕೇನ್ರಿ, ಅಕ್ಕಗ ಒಂದು ಸೀರಿ ಉಡಿಸಿ ಸಹಿ ತೊಗೊಂಡು ಬರ್ತೀವಿ" ಅಂದ್ರು. ನಾನೂ ಹೂಂ ಅಂದೆ. ಖರೇ ಹೇಳ್ತೀನಿ, ನನಗ ನನ್ನ ಪಾಟ್ಲಿ ರೊಕ್ಕದ ಚಿಂತಿ. ಆಕಿ ಸಹಿ ಬಂದ್ರ ಸಾಕಾಗಿತ್ತು.

ಆವತ್ತು ರಾತ್ರಿ ನಿದ್ದಿ ಬರಲಿಲ್ಲ. ಮೂರು ವರ್ಷದ ಹಿಂದ ನಮ್ಮಪ್ಪ ಹೋದ ಮ್ಯಾಲೆ ನಮ್ಮಣ್ಣ ಕರದಾಗ ನಾನೂ ಕಚೇರಿಗೆ ಹೋಗಿ ಹಕ್ಕು ಬಿಟ್ಟ ಪತ್ರಕ್ಕ ಸಹಿ ಮಾಡಿ ಬಂದಿದ್ದೆ. ಏನು ಬರದದ ಅಂತ ಓದಲಿಲ್ಲ. ಓದ್ಲಿಕ್ಕೆ ಬರ್ತಿತ್ತು, ಪಿಯುಸಿ ತನಕಾ ಕಲತಾಕಿ ನಾನು. ಓದಿದ್ರ ನಂಬಿಕಿ ಇಲ್ಲ ಅಂತ ತಿಳಕೋತಾರೇನೋ ಅನಿಸಿ ಓದಲಿಲ್ಲ. ಒಂದು ಇಳಕಲ್ ಸೀರಿ ಕೊಟ್ರು. ನಾ ಬಿಟ್ಟುಕೊಡಬಾರದಿತ್ತು ಅಂತ ಅಲ್ಲ, ನಮ್ಮಣ್ಣ ಕೆಟ್ಟವನೂ ಅಲ್ಲ. ಆದ್ರ ಎಷ್ಟು ಬಿಟ್ಟುಕೊಟ್ಟೆ ಅಂತ ಇವತ್ತಿಗೂ ನನಗ ಗೊತ್ತಿಲ್ಲ.

ಮರುದಿನ ನಮ್ಮನಿಯವರನ್ನ ಕರಕೊಂಡು ನಾನ ಬಸ್ಸು ಹತ್ತಿ ಆ ಅಕ್ಕಾರ ಊರಿಗೆ ಹೋದೆ. ರೊಟ್ಟಿ, ಝುಣಕಾ ಮಾಡಿ ಬಡಿಸಿದ್ರು. ಮನಿ ಮಾರಾಟಕ್ಕ ಇಟ್ಟಾರಂತ ಅವರಿಗೆ ಗೊತ್ತ ಇರಲಿಲ್ಲ. ಉಂಡ ಮ್ಯಾಲೆ, ಕಾಯಿದೆ ಪ್ರಕಾರ ಮೂರರಾಗ ಒಂದು ಪಾಲು ನಿಮ್ಮದು ಅಂತ ಹೇಳಿದೆ. ನಮ್ಮನಿಯವರು ಕಣ್ಣು ಸನ್ನಿ ಮಾಡಿದ್ರು, ಆದ್ರ ಹೇಳಿಬಿಟ್ಟಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನ ಕೂತು, "ಹಂಗಿದ್ರ ನನ್ನ ಪಾಲು ನನಗ ಬೇಕವಾ. ಸೀರಿ ಬ್ಯಾಡ" ಅಂದ್ರು.

ತಮ್ಮಂದಿರು ಸಿಟ್ಟಾದ್ರು, ನಮ್ಮ ಮ್ಯಾಲೂ ಆದ್ರು. ಮೂರು ತಿಂಗಳು ಮಾತುಕತಿ ನಡೀತು. ಬಾಡಿಗಿ ಮನಿಯವರು ಬಿಡ್ರಿ ಅಂತಿದ್ರು, ನಮ್ಮನಿಯವರು ನನ್ನ ಕೂಡ ಸರಿಯಾಗಿ ಮಾತಾಡ್ತಿರಲಿಲ್ಲ. ಕಡೀಕ ವಕೀಲರು ಮೂವರನ್ನೂ ಕೂಡಿಸಿದ್ರು. ಖರೇದಿ ಪತ್ರದಾಗ ಮಾರೋರು ಮೂವರು ಅಂತ ಬರೀತು, ರೊಕ್ಕ ಮೂರು ಬ್ಯಾರೆ ಬ್ಯಾರೆ ಚೆಕ್ಕಿನಾಗ ಹೋತು. ನೋಂದಣಿ ಮುಗದ ಮ್ಯಾಲೆ ಆ ಅಕ್ಕಾರು ಮನಿಗೆ ಬಂದು, ಹಿತ್ತಲದಾಗ ಅವರವ್ವ ಹಚ್ಚಿದ ಕರಿಬೇವಿನ ಗಿಡದ ಒಂದು ಹಿಡಿ ಎಲಿ ಹರಕೊಂಡು ಹೋದ್ರು. ತಮ್ಮಂದಿರು ಎರಡು ವರ್ಷ ಅವರ ಕೂಡ ಮಾತು ಬಿಟ್ಟಿದ್ರು ಅಂತ ಆಮ್ಯಾಲೆ ಕೇಳಿದೆ. ಎಲ್ಲಾ ಚಂದ ಆತು ಅಂತ ನಾ ಹೇಳೂದಿಲ್ಲ. ನಮ್ಮ ಮನಿ ಮಾತ್ರ ನಮಗ ಗಟ್ಟಿ ಉಳೀತು. ಇವತ್ತಿನ ತನಕಾ ಯಾರೂ ಬಂದು ಇದು ನಮ್ಮದು ಅಂದಿಲ್ಲ.

ನಾದಿನಿ ಮಗಳಿಗೆ ನಾ ಹೇಳಿದ್ದು ಇಷ್ಟ. ಮಾರೋರ ವಂಶಾವಳಿ ಬೇಡಿ ತೊಗೋ, ಅದರಾಗ ಹೆಣ್ಣುಮಕ್ಕಳ ಹೆಸರು ಅದಾವೇನು ನೋಡು, ಅವರ ಸಹಿ ಇಲ್ಲದ ಮುಂದ ಹೋಗಬ್ಯಾಡ. ಪಾಲಿನಾಗ ಸಣ್ಣ ಮಕ್ಕಳಿದ್ರ ಕೋರ್ಟಿನ ಪರವಾನಗಿ ಬೇಕೇನು ಅಂತ ವಕೀಲರನ್ನ ಕೇಳು. ಮೂಲ ಕಾಗದ ನೋಡು. ಉತಾರದಾಗ, ಪಟ್ಟಿ ಪಾವತಿಯೊಳಗ ಹೆಸರು ಬಂದ ಮಾತ್ರಕ್ಕ ಹಕ್ಕು ಬಂದಂಗಲ್ಲ. ಪೇಪರಿನಾಗ ಜಾಹೀರ ನೋಟೀಸ ಕೊಡು. ವಿಜ್ಞಾನೇಶ್ವರರು ಹೇಳಿದ ಊರವರ ಒಪ್ಪಿಗಿ ಈಗ ಅದ. ಇಷ್ಟೆಲ್ಲಾ ಆಗೂ ಮೊದ್ಲ, ಬಾಜೂಮನಿಗೆ ಹೋಗಿ ಒಂದು ತಂಬಿಗಿ ನೀರು ಕೇಳು, ಕೂತು ನಾಕು ಮಾತಾಡು.

ಆಕಿ ಶನಿವಾರ ಸಂಚಕಾರ ಕೊಡಲಿಲ್ಲ. ಆಯಿತವಾರ ಬಾಜೂಮನಿಗೆ ಹೋಗಿದ್ಲಂತ. ಭಾಂವಿ ಎರಡು ಮನಿಗೂ ಕೂಡಿದ್ದು, ಅರ್ಧ ಹಕ್ಕು ಅವರದು ಅಂತ ಅಲ್ಲಿ ಗೊತ್ತಾಗ್ಯದ. ಇನ್ನೂ ವಿಚಾರ ನಡದದ.

ನೀವೂ ಒಂದು ಕೆಲಸ ಮಾಡ್ರಿ. ನಿಮ್ಮನಿ ಟ್ರಂಕಿನಾಗಿನ ಖರೇದಿ ಪತ್ರ ಒಂದ್ಸಲ ಹೊರಗ ತಗೀರಿ. ಮಾರಿದವರ ಸಾಲಿನಾಗ ಎಷ್ಟು ಹೆಣ್ಣುಮಕ್ಕಳ ಸಹಿ ಅವ ನೋಡ್ರಿ. ಆಮ್ಯಾಲೆ ನೀವು ತವರುಮನ್ಯಾಗ ಎಲ್ಲೆಲ್ಲಿ ಸಹಿ ಮಾಡಿ ಬಂದೀರಿ ಅಂತ ನೆನಪು ಮಾಡ್ಕೋರಿ. ಮುಂದ ಯಾರರೆ ಸಹಿ ಕೇಳಿದ್ರ, ಓದಿ ಮಾಡ್ರಿ. ಓದಿದ್ರ ನಂಬಿಕಿ ಕಡಿಮಿ ಆಗೂದಿಲ್ಲ.